ನಿತ್ಯಪುಷ್ಪದ ಎಲೆ ಕಹಿಯಾದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಿಡಗಳಿಗೆಲ್ಲ ಆಗಷ್ಟೇ ಹೆಸರಿಟ್ಟು ಮುಗಿದಿತ್ತು. ಆಗ ನಿತ್ಯಪುಷ್ಪದ ಎಲೆ ಸಿಹಿಯಾಗಿತ್ತು.

ಸಿಹಿಯಾಗಿದ್ದದ್ದು ಸಾಲದೆಂದು ಅವಳು ಗಿಡ್ಡ ಬೇರೆ. ಎಲ್ಲರ ಬಾಯಿಗೂ ಎಟುಕುತ್ತಿದ್ದಳು. ಮೊಲ ಬಂದು ಒಂದು ಎಲೆ ಕೇಳಿತು, ಪರವಾಗಿಲ್ಲ ಎಂದಳು. ಬಸವನಹುಳು ಬಂದು ಚಿಗುರು ಕೇಳಿತು, ಪರವಾಗಿಲ್ಲ ಎಂದಳು. ಮೋಡ ಬಂತು. ಮಾವಿಗೆ, ಹಲಸಿಗೆ ಸುರಿದು, ಇವಳ ಸರದಿ ಬರುವಷ್ಟರಲ್ಲಿ ಬರಿಗೈ. ಮುಂದಿನ ಸಲ ನೋಡೋಣ ಎಂದಿತು. ಅದಕ್ಕೂ ಪರವಾಗಿಲ್ಲ. ಹೀಗೆ ಮುಂದಿನ ಸಲ, ಮುಂದಿನ ಸಲ ಎಂದೇ ನೀರಿಲ್ಲದೆ ಬದುಕುವುದು ಅವಳಿಗೆ ರೂಢಿಯಾಗಿಹೋಯಿತು.

ಬಾಯಾರಿಕೆಯನ್ನಾದರೂ ತಡೆಯಬಹುದು, ನೆಂಟರನ್ನು ತಡೆಯುವುದು ಕಷ್ಟ. ನೆಂಟರಲ್ಲಿ ದೊಡ್ಡವನು ಆಡು. ದಿನಾ ಬೆಳಿಗ್ಗೆ ಬರುತ್ತಿದ್ದ. ಕೇಳಿ ತಿನ್ನುವ ಮರ್ಯಾದೆ ಮೊದಮೊದಲು ಇತ್ತು, ಆಮೇಲೆ ಅದೂ ಹೋಯಿತು. ನಿನ್ನಂಥ ಒಳ್ಳೆಯವರು ಇನ್ನೊಬ್ಬರಿಲ್ಲ ಎಂದು ಹೊಗಳುತ್ತಲೇ ಬುಡದವರೆಗೆ ಮೇಯುತ್ತಿದ್ದ. ಅವಳು ಮತ್ತೆ ಚಿಗುರಿ, ಬೆಳಗಾಗುವಷ್ಟರಲ್ಲಿ ಹೂ ಬಿಟ್ಟು ನಿಲ್ಲುತ್ತಿದ್ದಳು. ಅವನು ಮತ್ತೆ ಬರುತ್ತಿದ್ದ.

ಒಂದು ಸಂಜೆ ಅವಳು ತನ್ನನ್ನೇ ನೋಡಿಕೊಂಡಳು. ಉಳಿದದ್ದು ಒಂದೇ ಕಡ್ಡಿ. ಅದರಲ್ಲಿ ನಾಲ್ಕು ಎಲೆ, ಒಂದು ಮೊಗ್ಗು. ನಾಳೆ ಅದೂ ಹೋದರೆ ಮತ್ತೆ ಚಿಗುರುವ ಶಕ್ತಿ ಬೇರಿನಲ್ಲಿ ಇರಲಿಲ್ಲ. ಅಳೋಣವೆಂದರೆ ಅದಕ್ಕೂ ನೀರು ಬೇಕಲ್ಲ.

ಬೇಲಿಯಲ್ಲಿ ಆಡುಸೋಗೆ ನಿಂತಿದ್ದಳು. ಅವಳ ಮಾತು ಒರಟು, ಎಲೆ ಅದಕ್ಕಿಂತ ಕಹಿ. ಆಡು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ನಾಳೆ ಅವನಿಗೆ ಇಲ್ಲ ಅಂತ ಹೇಳೇ," ಎಂದಳು ಆಡುಸೋಗೆ.

"ಬಾಯಿ ಬರಲ್ಲ ಅಕ್ಕಾ. ಬಾಗಿಲಿಗೆ ಬಂದವರಿಗೆ ಹೇಗೆ ಹೇಳೋದು?"

"ಬಾಯಲ್ಲಿ ಆಗದಿದ್ರೆ ಎಲೆಯಲ್ಲಿ ಹೇಳು."

ಹಾಗೆಂದು ಮಣ್ಣಿನಡಿಯಲ್ಲೇ ಬೇರು ಚಾಚಿ, ಇವಳ ಬೇರಿಗೆ ಒಂದು ಹನಿ ಕಹಿ ಕೊಟ್ಟಳು. ನಿತ್ಯಪುಷ್ಪ ಮುಖ ಸಿಂಡರಿಸಿಕೊಂಡೇ ಕುಡಿದಳು. ಯಾರಾದರೂ ಅವಳಿಗೆ ಏನಾದರೂ ಕೊಟ್ಟದ್ದು ಅದೇ ಮೊದಲು.

ಬೆಳಿಗ್ಗೆ ಆಡು ಬಂದ. ಎಂದಿನಂತೆ ಹೊಗಳುತ್ತಾ ಒಂದು ಎಲೆಗೆ ಬಾಯಿ ಹಾಕಿದ. ನಿಂತ. ಉಗುಳಿದ. ಗಡ್ಡ ಕೊಡವಿಕೊಂಡ.

"ನೀನು ಮೊದಲಿನ ಹಾಗಿಲ್ಲ ಬಿಡು," ಎಂದ.

ಪರವಾಗಿಲ್ಲ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಹೇಳುವುದಕ್ಕೂ ಸುಸ್ತು. ಆಡು ಅವಳಿಗೆ ಜಂಬ ಬಂದಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಅದು ಒಳ್ಳೆಯದೇ ಆಯಿತು, ಮೊಲವೂ ಬರಲಿಲ್ಲ.

ಇದ್ದೊಂದು ಮೊಗ್ಗು ಅರಳಿ ಆ ದಿನ ಸಂಜೆಯವರೆಗೂ ಗಿಡದಲ್ಲೇ ಉಳಿಯಿತು. ತನ್ನ ಹೂವಿನ ಬಣ್ಣ ನಸುಗೆಂಪು ಎಂಬುದನ್ನು ಅವಳು ಸರಿಯಾಗಿ ನೋಡಿದ್ದೇ ಅಂದು.

ಅದಕ್ಕೇ ಮಕ್ಕಳೇ, ಆಡು ಮುಟ್ಟದ ಸೊಪ್ಪಿಲ್ಲ ಎಂದು ಊರೆಲ್ಲ ಗಾದೆ ಹೇಳಿದರೂ, ಅಂಗಳಕ್ಕೆ ನುಗ್ಗಿದ ಆಡು ದಾಸವಾಳವನ್ನೆಲ್ಲ ಮುಗಿಸಿ, ನಿತ್ಯಪುಷ್ಪದ ಹತ್ತಿರ ಮೂಗು ತಂದು, ಮುಖ ತಿರುಗಿಸಿಕೊಂಡು ಹೋಗುತ್ತದೆ. ಗೋಡೆಯ ಬುಡದಲ್ಲಿ ನಾವು ನೀರು ಹಾಕಲು ಮರೆತ ಆ ಗಿಡ, ಬಿರುಬೇಸಿಗೆಯಲ್ಲೂ ತನ್ನ ಪಾಡಿಗೆ ತಾನು ದಿನಾ ಹೂ ಬಿಡುತ್ತಿರುತ್ತದೆ.