ಜಂಪ್ ಕ್ಯೂ ಬಂದ್

ಹುಬ್ಬಳ್ಳಿಯ ಕ್ಲಬ್ಬೊಂದರಲ್ಲಿ ಪೂಲ್ ಫೈನಲ್: ಮೇಜಿನ ಮೇಲೆ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಕುಳಿಗೆ ಬೀಳಿಸುವ ಆಟ. ಕ್ಲಬ್ಬಿನ ಅಧ್ಯಕ್ಷ ದೇಸಾಯರ ಎದುರಾಳಿ ಬಸ್ ಕಂಡಕ್ಟರ್ ಶಿವಲೀಲಾ. ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸುವ ಗಿಡ್ಡ ಕೋಲು ಜಂಪ್ ಕ್ಯೂ. ಅದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ದೇಸಾಯರು ಆಟಕ್ಕೆ ಮೊದಲೇ ಗುಡುಗಿದರು: “ಇವತ್ತು ಜಂಪ್ ಕ್ಯೂ ಬಂದ್!”

“ಇಬ್ಬರಿಗೂ ಏನ್ರಿ, ಸಾಹೇಬ್ರ?”

“ಇಬ್ಬರಿಗೂ!”

ಶಿವಲೀಲಾ ಹಾರಿಸುವ ಗೋಜಿಗೇ ಹೋಗಲಿಲ್ಲ. ಪ್ರತಿ ಸಲವೂ ಬಿಳಿ ಚೆಂಡನ್ನು ಬೇರೊಂದು ಚೆಂಡಿನ ಹಿಂದೆ ಅಡಗಿಸಿ, ನೇರ ಹೊಡೆಯಲು ದಾರಿಯಿಲ್ಲದಂತೆ ಅವರಿಗೆ ಬಿಟ್ಟಳು. ಬೆವೆತ ದೇಸಾಯರು ಪೆಟ್ಟಿಗೆಯಿಂದ ಜಂಪ್ ಕ್ಯೂ ತೆಗೆದರು. ರೆಫರಿ ಕೈ ಅಡ್ಡ ಹಿಡಿದ. ದೇಸಾಯರು ಮಾಮೂಲಿ ಉದ್ದ ಕೋಲಿನಿಂದಲೇ ಹಾರಿಸಲು ಹೋಗಿ ಚೆಂಡನ್ನು ನೆಲಕ್ಕೆ ಕೆಡವಿದರು. ಜನ ಗೊಳ್ಳೆಂದರು. ಶಿವಲೀಲಾ ಗೆದ್ದಳು.

ಕಪ್ ಕೊಡಬೇಕಾದವರೂ ಅಧ್ಯಕ್ಷರೇ. “ಮುಂದಿನ ವರ್ಷ ಜಂಪ್ ಕ್ಯೂ ಇರಲಿ, ಆಗಬಹುದಾ?” ಎಂದು ಗೊಣಗಿದರು.

“ಬ್ಯಾಡ್ರಿ ಸಾಹೇಬ್ರ, ನಿಮ್ಮ ರೂಲ್ಸ್ ಭಾಳ ಚಲೋ ಐತ್ರಿ!”