ಹೊನ್ನಿಯ ಹಲ್ಲು, ಕ್ಯಾಮೆರಾ ಸೆಲ್ಲು

ಕಣ್ಣು ದೊಡ್ಡದು ಮಾಡಿ. ಕಿವಿ ಅದಕ್ಕಿಂತ ದೊಡ್ಡದು ಮಾಡಿ. ಬಾಯಿ ಮಾತ್ರ ಮುಚ್ಚಿ. ಅಲ್ಲಾಡೋ ಹಲ್ಲಿದ್ದವರು ಇನ್ನೂ ಗಟ್ಟಿಯಾಗಿ ಮುಚ್ಚಿ!

ಬೊಂಬೆ ಮಾಡೋ ಊರು ಚನ್ನಪಟ್ಟಣ. ಆ ಊರಲ್ಲಿ ಒಂದು ಬೀದಿ. ಆ ಬೀದಿಯಲ್ಲಿ ಒಂದು ಫೋಟೋ ಅಂಗಡಿ. ಆ ಅಂಗಡಿಯಲ್ಲಿ ಪದ್ದಕ್ಕ. ಪದ್ದಕ್ಕನ ಕೊರಳಲ್ಲಿ ಅವರಪ್ಪನ ಕಾಲದ ರೀಲು ಕ್ಯಾಮೆರಾ.

ಎಂಥ ಕ್ಯಾಮೆರಾ ಅಂತೀರಿ! ಅದರ ನೆತ್ತಿಯಲ್ಲೊಂದು ಗಾಜಿನ ಕಿಟಕಿ. ಕಿಟಕಿಯೊಳಗೊಂದು ಪುಟಾಣಿ ಮುಳ್ಳು. ಬಿಸಿಲಿದ್ದರೆ ಮುಳ್ಳು ಮೇಲೆ ಏಳುತ್ತೆ. ನೆರಳಿದ್ದರೆ ಮುಳ್ಳು ಕೆಳಗೆ ಇಳಿಯುತ್ತೆ. ಗೋಣಿಚೀಲದೊಳಗೆ ಮಿಂಚುಹುಳ ಕಣ್ಣು ಮಿಟುಕಿಸಿದರೂ ಆ ಮುಳ್ಳಿಗೆ ಗೊತ್ತಾಗುತ್ತೆ. ಸುಳ್ಳಲ್ಲ! ಮುಳ್ಳು ಬೆಳಕು ಎಷ್ಟು ಅಂತ ಹೇಳಬೇಕು. ಆಮೇಲೇ ಪದ್ದಕ್ಕ ಫೋಟೋ ತೆಗೀಬೇಕು.

ಆ ಬೀದಿಯಲ್ಲೊಂದು ಪದ್ಧತಿ. ಮಗುವಿನ ಮೊದಲ ಹಾಲುಹಲ್ಲು ಅಲ್ಲಾಡಿತು ಅಂದರೆ, ಬೀಳೋ ಮೊದಲು ಒಂದು ಫೋಟೋ. ಪದ್ದಕ್ಕನ ಗೋಡೆ ತುಂಬ ಅಲ್ಲಾಡೋ ಹಲ್ಲುಗಳು. ಅದೇ ಬೀದಿಯ ಪುಟ್ಟ ಹುಡುಗಿ ಹೊನ್ನಿ. ಹೊನ್ನಿಯ ಅಮ್ಮನ ಹಲ್ಲೂ ಅಲ್ಲಿದೆ. ಹೊನ್ನಿಯ ಅಣ್ಣನ ಹಲ್ಲೂ ಅಲ್ಲಿದೆ. ಒಂದು ಮೊಳೆ ಮಾತ್ರ ಖಾಲಿ. ಅದು ಹೊನ್ನಿಯ ಮೊಳೆ.

ಒಂದು ದಿನ ಹೊನ್ನಿ ಬಂದಳು. ಬಾಯಿ ಬಿಗಿ ಹಿಡಿದು ಬಂದಳು.

"ಪದ್ದತ್ತೇ, ಹಲ್ಲು ದಾರದ ಎಳೆಯಲ್ಲಿದ್ದ ಹಾಗೆ ನೇತಾಡ್ತಿದೆ. ಬೇಗ ಫೋಟೋ ತೆಗೀರಿ."

ಪದ್ದಕ್ಕ ಕ್ಯಾಮೆರಾ ಎತ್ತಿದಳು. ಅಯ್ಯೋ! ಮುಳ್ಳು ಮಲಗಿಬಿಟ್ಟಿತ್ತು.

"ಮುಳ್ಳೇ ಮುಳ್ಳೇ, ಏಳು."

"ಏಳಲ್ಲ," ಅಂತು ಮುಳ್ಳು. "ನನ್ನ ಸೆಲ್ಲು ಸತ್ತಿದೆ. ಹೊಸ ಸೆಲ್ಲು ಕೊಡು, ಏಳ್ತೀನಿ."

ಪದ್ದಕ್ಕ ಹೊರಟಳು. ಹೊನ್ನಿ ಅವಳ ಸೆರಗು ಹಿಡಿದಳು. ಇಬ್ಬರೂ ಗಡಿಯಾರದ ಮೆಹಬೂಬ್ ಸಾಬ್ರ ಅಂಗಡಿಗೆ ಹೋದರು.

"ಸಾಬ್ರೇ ಸಾಬ್ರೇ, ಸೆಲ್ಲು ಕೊಡಿ.
ಸೆಲ್ಲು ಇಲ್ಲದೆ ಮುಳ್ಳು ಏಳಲ್ಲ.
ಮುಳ್ಳು ಏಳದೆ ಫೋಟೋ ಇಲ್ಲ.
ಹೊನ್ನಿಯ ಹಲ್ಲೋ, ಅಲ್ಲಾಡ್ತಾ ಅಲ್ಲಾಡ್ತಾ, ನಿಲ್ಲಲ್ಲ!"

ಸಾಬ್ರು ಸತ್ತ ಸೆಲ್ಲನ್ನು ಚಿಮಟದಲ್ಲಿ ಹಿಡಿದು ನೋಡಿದರು.

"ಅರೆ ಪದ್ದಮ್ಮ, ಇದು ಪಾದರಸದ ಸೆಲ್ಲು. ಪಾದರಸ ಮಣ್ಣಿಗೆ ಬಿದ್ದರೆ ಮಣ್ಣಿಗೆ ವಿಷ. ನೀರಿಗೆ ಬಿದ್ದರೆ ಮೀನಿಗೆ ವಿಷ. ಅದಕ್ಕೇ ಇದನ್ನ ಮಾಡೋದೇ ಬಿಟ್ಟರು." ಸತ್ತ ಸೆಲ್ಲನ್ನು ಒಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದರು. "ಹೊಸ ಥರದ್ದು ಹಾಕಿ ನೋಡೋಣ."

ಹಾಕಿದರು. ಮುಳ್ಳು ಎದ್ದಿತು. ಎದ್ದದ್ದೇನು, ಮೆಣಸಿನಕಾಯಿ ತಿಂದ ಕೋತಿ ಹಾಗೆ ನೆಗೆಯಿತು! ನೆರಳು ತೋರಿಸಿದರೆ "ಬಿಸಿಲು!" ಅಂತು. ಮೇಜಿನ ಕೆಳಗೆ ತೋರಿಸಿದರೆ "ಬಿಸಿಲೋ ಬಿಸಿಲು!" ಅಂತು.

"ಇದು ಜೋರು ಜಾಸ್ತಿ," ಅಂತ ಸಾಬ್ರು ಸೆಲ್ಲು ಹೊರಗೆ ತೆಗೆದರು. "ಇದರ ಮಾತು ಕೇಳಿ ತೆಗೆದರೆ ಫೋಟೋ ಕಪ್ಪಗೆ ಬರುತ್ತೆ. ಮೆತ್ತಗಿನ ಸೆಲ್ಲು ಬೇಕು. ಕಿವಿಗೆ ಹಾಕ್ಕೋತಾರಲ್ಲ ಕೇಳೋ ಯಂತ್ರ, ಅದರ ಸೆಲ್ಲು. ನನ್ನ ಹತ್ತಿರ ಇಲ್ಲ. ಮರಿಯಪ್ಪಜ್ಜನ ಹತ್ತಿರ ಇದೆ."

ಹೊನ್ನಿಯ ಹಲ್ಲು ಒಂದು ಚೂರು ಜಾರಿತು.

ಇಬ್ಬರೂ ಮರಿಯಪ್ಪಜ್ಜನ ಜಗಲಿಗೆ ಹೋದರು. ಪದ್ದಕ್ಕ ಕಿವಿಯ ಹತ್ತಿರ ಬಗ್ಗಿ ಕೂಗಿದಳು.

"ಅಜ್ಜಾ ಅಜ್ಜಾ, ಕಿವಿ ಸೆಲ್ಲು ಕೊಡು.
ಸಾಬ್ರ ಹತ್ತಿರ ಸೆಲ್ಲು ಇಲ್ಲ.
ಸೆಲ್ಲು ಇಲ್ಲದೆ ಮುಳ್ಳು ಏಳಲ್ಲ.
ಮುಳ್ಳು ಏಳದೆ ಫೋಟೋ ಇಲ್ಲ.
ಹೊನ್ನಿಯ ಹಲ್ಲೋ, ಅಲ್ಲಾಡ್ತಾ ಅಲ್ಲಾಡ್ತಾ, ನಿಲ್ಲಲ್ಲ!"

"ಕೊಡಲ್ಲ ಕಣವ್ವಾ," ಅಂದ ಅಜ್ಜ. "ಹೊಸ ಸೆಲ್ಲು ಇರೋದೇ ಒಂದು. ಈ ಕಿವಿಯಲ್ಲಿರೋದು ಹೋದಂಗಿದೆ. ಬೆಳಿಗ್ಗೆ ನಮ್ಮ ಕೆಂಚ ಹುಂಜ ಕೂಗೋದೇ ಕೇಳ್ತಿಲ್ಲ."

"ಅಜ್ಜಾ, ಕೆಂಚ ಕೂಗ್ತಾನೇ ಇಲ್ಲ!" ಅಂದಳು ಪದ್ದಕ್ಕ.

"ಹೌದಾ? ಹಂಗಾದ್ರೆ ಅವನ ಕೈಲಿ ಕೂಗಿಸು. ಕೇಳಿಸಿದರೆ ಸೆಲ್ಲು ನಿಂದೇ."

ಹೊನ್ನಿಯ ಹಲ್ಲು ಇನ್ನೊಂದು ಚೂರು ಜಾರಿತು.

ಇಬ್ಬರೂ ಹಿತ್ತಿಲಿಗೆ ಹೋದರು. ಕೆಂಚ ಹುಂಜ ಮಂಕರಿ ಬುಟ್ಟಿಯೊಳಗೆ ಮುಖ ಹುದುಗಿಸಿ ಕೂತಿತ್ತು.

"ಹುಂಜಾ ಹುಂಜಾ, ಒಂದು ಸಲ ಕೂಗು.
ಹುಂಜ ಕೂಗದೆ ಅಜ್ಜ ಕೊಡಲ್ಲ.
ಸಾಬ್ರ ಹತ್ತಿರ ಸೆಲ್ಲು ಇಲ್ಲ.
ಸೆಲ್ಲು ಇಲ್ಲದೆ ಮುಳ್ಳು ಏಳಲ್ಲ.
ಮುಳ್ಳು ಏಳದೆ ಫೋಟೋ ಇಲ್ಲ.
ಹೊನ್ನಿಯ ಹಲ್ಲೋ, ಅಲ್ಲಾಡ್ತಾ ಅಲ್ಲಾಡ್ತಾ, ನಿಲ್ಲಲ್ಲ!"

"ಕೂಗಲ್ಲ," ಅಂತು ಹುಂಜ. "ಬೋರಲಿಂಗಣ್ಣ ಒಂದು ಮರದ ಹುಂಜ ಮಾಡಿ ಕಿಟಕಿಯಲ್ಲಿ ಇಟ್ಟಿದ್ದಾನೆ. ಅವನ ಜುಟ್ಟು ನನ್ನ ಜುಟ್ಟಿಗಿಂತ ಕೆಂಪು. ನಾನು ಯಾವ ಮುಖ ಇಟ್ಕೊಂಡು ಕೂಗಲಿ? ಮೊದಲು ಅವನು ಒಳಗೆ ಹೋಗಲಿ."

ಪಾಪ, ಹುಂಜದ ಕಣ್ಣಲ್ಲಿ ನೀರು. ಪದ್ದಕ್ಕ ಅದರ ಬೆನ್ನು ಸವರಿದಳು.

ಹೊನ್ನಿಯ ಹಲ್ಲು ಮತ್ತೊಂದು ಚೂರು ಜಾರಿತು.

ಇಬ್ಬರೂ ಬೊಂಬೆ ಮಾಡೋ ಬೋರಲಿಂಗಣ್ಣನ ಹತ್ತಿರ ಹೋದರು. ಕೆಂಚನೂ ಹಿಂದೆ ಹಿಂದೆ ಬಂತು.

"ಅಣ್ಣಾ ಅಣ್ಣಾ, ಮರದ ಹುಂಜ ಒಳಗಿಡು.
ಮರದ್ದು ಹೋಗದೆ ಹುಂಜ ಕೂಗಲ್ಲ.
ಹುಂಜ ಕೂಗದೆ ಅಜ್ಜ ಕೊಡಲ್ಲ.
ಸಾಬ್ರ ಹತ್ತಿರ ಸೆಲ್ಲು ಇಲ್ಲ.
ಸೆಲ್ಲು ಇಲ್ಲದೆ ಮುಳ್ಳು ಏಳಲ್ಲ.
ಮುಳ್ಳು ಏಳದೆ ಫೋಟೋ ಇಲ್ಲ.
ಹೊನ್ನಿಯ ಹಲ್ಲೋ, ಅಲ್ಲಾಡ್ತಾ ಅಲ್ಲಾಡ್ತಾ, ನಿಲ್ಲಲ್ಲ!"

ಬೋರಲಿಂಗಣ್ಣ ತಲೆ ಕೆರೆದುಕೊಂಡ.

"ಆಗಲ್ಲ ಪದ್ದಕ್ಕ. ನಮ್ಮ ಮನೆಯಲ್ಲೊಂದು ನೇಮ. ಹೊಸ ಬೊಂಬೆ ನೋಡಿ ಒಂದು ಮಗು ನಗಬೇಕು. ನಕ್ಕ ಮೇಲೇ ಅದು ಪೆಟ್ಟಿಗೆಗೆ. ಈ ಹುಂಜದ ಮುಖ ಸ್ವಲ್ಪ ಗಂಭೀರ ಆಗೋಯ್ತು. ನೋಡಿದ ಮಕ್ಕಳೆಲ್ಲ 'ಅಯ್ಯೋ, ಹೆಡ್‌ಮೇಷ್ಟ್ರು!' ಅಂತ ಓಡಿಹೋದರು. ಒಬ್ಬರೂ ನಗಲಿಲ್ಲ."

ಮಗು! ಮಗು ಇಲ್ಲೇ ಇದೆಯಲ್ಲ! ಪದ್ದಕ್ಕ ತಿರುಗಿದಳು.

"ಹೊನ್ನೀ ಹೊನ್ನೀ, ಒಂದು ಸಲ ನಗು.
ಹೊನ್ನಿ ನಗದೆ ಮರದ್ದು ಹೋಗಲ್ಲ.
ಮರದ್ದು ಹೋಗದೆ ಹುಂಜ ಕೂಗಲ್ಲ.
ಹುಂಜ ಕೂಗದೆ ಅಜ್ಜ ಕೊಡಲ್ಲ.
ಸಾಬ್ರ ಹತ್ತಿರ ಸೆಲ್ಲು ಇಲ್ಲ.
ಸೆಲ್ಲು ಇಲ್ಲದೆ ಮುಳ್ಳು ಏಳಲ್ಲ.
ಮುಳ್ಳು ಏಳದೆ ಫೋಟೋ ಇಲ್ಲ.
ನಿನ್ನ ಹಲ್ಲೋ, ಅಲ್ಲಾಡ್ತಾ ಅಲ್ಲಾಡ್ತಾ, ನಿಲ್ಲಲ್ಲ!"

"ಉಹುಂ," ಅಂದಳು ಹೊನ್ನಿ, ತುಟಿ ತೆಗೆಯದೆ. "ನಕ್ಕರೆ ಹಲ್ಲು ಬೀಳುತ್ತೆ. ಫೋಟೋ ತೆಗೆದ ಮೇಲೆ ನಗ್ತೀನಿ."

ನಗದೆ ಫೋಟೋ ಇಲ್ಲ. ಫೋಟೋ ಇಲ್ಲದೆ ನಗು ಇಲ್ಲ. ಈಗೇನು ಮಾಡೋದು? ಪದ್ದಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡಳು. ಖಾಲಿ ಮೊಳೆ ನೆನಪಾಯಿತು. ಅವಳ ಮೂಗು ಕೆಂಪಾಯಿತು.

ಹೊನ್ನಿ ಪದ್ದಕ್ಕನ ಮುಖ ನೋಡಿದಳು. ಅತ್ತೆ ಅಳಬಾರದು ಅನ್ನಿಸಿತು. ಕಿಟಕಿ ಕಡೆ ತಿರುಗಿದಳು.

ಒಳಗೆ ಮರದ ಹುಂಜ ಗುರಾಯಿಸುತ್ತಿತ್ತು. ಹೊರಗೆ ಕೆಂಚ ಹುಂಜ ಗುರಾಯಿಸುತ್ತಿತ್ತು. ಮರದ ಹುಂಜ ಕಣ್ಣು ಮಿಟುಕಿಸಲಿಲ್ಲ. ಕೆಂಚನೂ ಕಣ್ಣು ಮಿಟುಕಿಸಲಿಲ್ಲ. ನಾನೇನು ಕಮ್ಮಿ ಅಂತ ಕೆಂಚ ಕತ್ತು ಉದ್ದ ಮಾಡಿತು. ಮೂತಿ ಗಾಜಿಗೆ ಟಪ್ಪಂತ ಬಡಿಯಿತು!

ಹೊನ್ನಿ ಬೆರಳಿನಿಂದ ಹಲ್ಲನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಹಿಡಿದುಕೊಂಡೇ ನಕ್ಕಳು. ಕಿಸಕ್! ಕಿಸಕಿಸ! ಹೊಟ್ಟೆ ಕುಣಿಯೋ ಹಾಗೆ ನಕ್ಕಳು.

ಹಲ್ಲು? ಹಲ್ಲು ಇನ್ನೂ ಇತ್ತು! ಒಂದು ಕೂದಲೆಳೆಯಲ್ಲಿ ಇತ್ತು!

ಹೊನ್ನಿ ನಕ್ಕಳು, ಮರದ ಹುಂಜ ಪೆಟ್ಟಿಗೆಗೆ ಹೋಯಿತು.
ಮರದ್ದು ಹೋಯಿತು, ಕೆಂಚ ಹುಂಜ ಕೂಗಿತು. ಕೊಕ್ಕೋ ಕ್ಕೋ ಕ್ಕೋ! ರಾಮನಗರದ ಬಂಡೆಗಳೂ ತಿರುಗಿ ಕೂಗಿದವು.
ಹುಂಜ ಕೂಗಿತು, ಅಜ್ಜನಿಗೆ ಕೇಳಿಸಿತು.

"ನನ್ನ ಕಿವಿಯ ಸೆಲ್ಲು ಚೆನ್ನಾಗೇ ಇದೆ!" ಅಂತ ಅಜ್ಜ ಕುಣಿಯುತ್ತಾ ಬಂದು ಸೆಲ್ಲು ಕೊಟ್ಟ. "ಜೋಪಾನ ಕಣವ್ವಾ. ಮಕ್ಕಳ ಬಾಯಿಗೆ ಹೋಗಬಾರದು. ಹುಂಜದ ಬಾಯಿಗೂ ಹೋಗಬಾರದು."

ಹುಂಜದ ಕೂಗು ಕೇಳಿ ಸಾಬ್ರೂ ಓಡಿ ಬಂದರು. ಅಜ್ಜ ಕೊಟ್ಟದ್ದನ್ನು ಕ್ಯಾಮೆರಾದೊಳಗೆ ಇಟ್ಟರು. ಗುಳಕ್! ಗುಳಕ್! ಸೆಲ್ಲು ಸಣ್ಣದು, ಗೂಡು ದೊಡ್ಡದು.

"ತಡೀರಿ!" ಅಂದ ಬೋರಲಿಂಗಣ್ಣ. ಬೊಂಬೆ ಮಾಡೋ ಹಾಲೆಮರದ ತುಣುಕನ್ನು ಕಡೆಯೋ ಯಂತ್ರಕ್ಕೆ ಸಿಕ್ಕಿಸಿದ. ಗರ್‌ರ್‌ರ್! ಒಂದು ಪುಟಾಣಿ ಬಳೆ ಹೊರಗೆ ಬಂತು. ಇರುವೆಯ ಮದುವೆಗೆ ಮಾಡಿಸಿದಂಥ ಬಳೆ! ಸೆಲ್ಲಿಗೆ ಬಳೆ ತೊಡಿಸಿದರು. ಗುಳಕ್ ಇಲ್ಲ, ಪಳಕ್ ಇಲ್ಲ. ಗಟ್ಟಿ ಕೂತಿತು.

ಮುಳ್ಳು ಏಳಲಿಲ್ಲ!

"ಅರೆ, ಸೆಲ್ಲಿನ ಬೆನ್ನ ಮೇಲಿನ ಚೀಟಿ ಕಿತ್ತೇ ಇಲ್ಲ," ಅಂದರು ಸಾಬ್ರು. "ಇದು ಗಾಳಿ ಕುಡಿಯೋ ಸೆಲ್ಲು." ಅಂಟಿಸಿದ್ದ ಚೀಟಿ ಕಿತ್ತರು. ಸಣ್ಣ ಸಣ್ಣ ತೂತು ಕಂಡವು. ಸೆಲ್ಲು ಉಸಿರೆಳೆದುಕೊಂಡಿತು. ಹೊನ್ನಿ ಉಸಿರು ಬಿಗಿ ಹಿಡಿದಳು.

ಸೆಲ್ಲು ಬಂತು, ಮುಳ್ಳು ಎದ್ದಿತು. ನೆಗೆಯಲಿಲ್ಲ, ಕುಣಿಯಲಿಲ್ಲ. ಮೆಲ್ಲಗೆ ಎದ್ದಿತು. ಬಿಸಿಲಿಗೆ "ಬಿಸಿಲು" ಅಂತು. ನೆರಳಿಗೆ "ನೆರಳು" ಅಂತು.
ಮುಳ್ಳು ಎದ್ದಿತು, ಪದ್ದಕ್ಕ ಕ್ಯಾಮೆರಾ ಎತ್ತಿದಳು.

"ಹೊನ್ನೀ, ಈಗ ಬೆರಳು ತೆಗಿ!"

ಹೊನ್ನಿ ಬೆರಳು ತೆಗೆದಳು. ಬಾಯಿ ತುಂಬ ನಕ್ಕಳು.

ಕ್ಲಿಕ್!

ಪುಳಕ್!

ಫೋಟೋ ತೊಳೆದು ನೋಡಿದರೆ, ಹಲ್ಲು ಬಾಯಲ್ಲೂ ಇಲ್ಲ, ನೆಲದಲ್ಲೂ ಇಲ್ಲ. ತುಟಿಗೂ ಗಲ್ಲಕ್ಕೂ ನಡುವೆ, ಗಾಳಿಯಲ್ಲಿ ನಿಂತಿದೆ! ಫೋಟೋ ಕಪ್ಪಗಿಲ್ಲ. ಬೆಳ್ಳಗೆ ಮಾಸಿಲ್ಲ. ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಹೊಳೀತಿದೆ. ಕೆಳಗೆ ಮೂಲೆಯಲ್ಲಿ ಒಂದು ಕೆಂಪು ಜುಟ್ಟು. ಅದರ ಕೆಳಗೆ ಅಗಲವಾಗಿ ತೆರೆದ ಒಂದು ಕೊಕ್ಕು.

ಹೌದು! ಜೋಳದ ಕಾಳು ಅಂತ ಕೆಂಚ ಗುಳುಂ ಮಾಡಿಬಿಟ್ಟಿತು.

ಹೊನ್ನಿ ಅತ್ತಳಾ? ಯಾಕೆ ಅಳ್ತಾಳೆ? ಅವಳ ಹಲ್ಲು ಮೊಳೆಯ ಮೇಲೆ ಭದ್ರವಾಗಿ ನೇತಾಡ್ತಿದೆಯಲ್ಲ. ಅಮ್ಮನ ಹಲ್ಲಿನ ಪಕ್ಕ. ಅಣ್ಣನ ಹಲ್ಲಿನ ಪಕ್ಕ. ಇನ್ನು ಎಷ್ಟು ಬೇಕಾದರೂ ನಗಬಹುದು. ನಗ್ತಾನೇ ಇದ್ದಾಳೆ.

ಹುಂಜದ ಹೊಟ್ಟೆಗೆ ಹಲ್ಲು,
ಕ್ಯಾಮೆರಾ ಹೊಟ್ಟೆಗೆ ಸೆಲ್ಲು,
ಕಥೆ ನಿಮ್ಮ ಹೊಟ್ಟೆಗೆ. ಈಗ ಬಾಯಿ ತೆಗೀರಿ, ಯಾರ ಹಲ್ಲು ಅಲ್ಲಾಡ್ತಿದೆ ನೋಡೋಣ!