ಮೂರನೆಯ ಕ್ಯಾಪು

ಹೊಳೆದಂಡೆಯ ಆ ತಗಡಿನ ಶೆಡ್ಡನ್ನು ಊರವರು ಆಶ್ರಮ ಅನ್ನುತ್ತಿದ್ದರು. ನಿಜವಾಗಿ ಅದು ಗ್ಯಾರೇಜು. ಮೇಸ್ತ್ರಿ ಚನ್ನವೀರಯ್ಯನವರಿಗೆ ಉದ್ದ ಗಡ್ಡವಿತ್ತು, ಮಾತು ಕಡಿಮೆಯಿತ್ತು. ಊರಿಗೆ ಅಷ್ಟೇ ಸಾಕಾಯಿತು.

ಶಿಷ್ಯ ಕೊಟ್ರೇಶಿ ಅಲ್ಲಿ ಏಳು ವರ್ಷ ಗ್ರೀಸಿನಲ್ಲಿ ಮಿಂದಿದ್ದ. "ಒಂದು ಇಂಜಿನ್ ಒಬ್ಬನೇ ಕಟ್ಟು. ಆಮೇಲೆ ನಿನ್ನ ಶೆಡ್ ನೀನು ಹಾಕ್ಕೊ" ಎಂದಿದ್ದರು ಗುರುಗಳು.

ಹಳೇ ಕಾರೊಂದರ ಇಂಜಿನ್ ಬಿಚ್ಚಿದ ದಿನವೇ ಕೊಟ್ರೇಶಿ ತನ್ನ ಶೆಡ್ಡಿಗೆ ಬೋರ್ಡು ಬರೆಸಿದ. ಶುಕ್ರವಾರದ ಪ್ರಾರಂಭೋತ್ಸವಕ್ಕೆ ಆಹ್ವಾನ ಪತ್ರಿಕೆಯನ್ನೂ ಹಂಚಿದ. ಮಾವನ ಮನೆಯವರಿಗೆ ಎರಡು ಸಲ ಕೊಟ್ಟು ಬಂದ.

ಬುಧವಾರ ಇಂಜಿನ್ ಸ್ಟ್ಯಾಂಡಿನ ಮೇಲೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಕೊಟ್ರೇಶಿ ಉದ್ದನೆಯ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿದ. ಮುಕ್ಕಾಲು ಸುತ್ತು ಸಲೀಸಾಗಿ ಬಂತು, ಆಮೇಲೆ ಕಚ್ಚಿಕೊಂಡಿತು. ಜೋರು ಮಾಡಿದರೆ ದಾಟಿತು. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ಕಚ್ಚಿತು.



"ಗುರುಗಳೇ, ಹೊಸ ಬೇರಿಂಗ್ ನೋಡ್ರಿ, ಬಿಗಿ ಐತೆ. ಕಾರಿಗೆ ಕೂರಿಸಿ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡಿದ್ರೆ ತಾನೇ ಸಡಿಲ ಆಗುತ್ತೆ."

ಚನ್ನವೀರಯ್ಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಎಲ್ಲಿ ಬಿಗಿ?"

"ಒಂಚೂರೇ."

"ಎಷ್ಟು ಅಂತ ಕೇಳ್ಲಿಲ್ಲ."

"ಆ ಲೇತಿನವನು ಕ್ರ್ಯಾಂಕ್ ಸರಿಯಾಗಿ ಕಡೆದಿಲ್ಲ ಅನ್ಸುತ್ತೆ. ಇಲ್ಲಾ ಆಯಿಲ್ ಗಟ್ಟಿ ಇರಬೇಕು."

"ಅವರನ್ನೆಲ್ಲ ಬಿಡು. ಇಂಜಿನ್ನನ್ನ ಕೇಳು."

ಕೊಟ್ರೇಶಿ ಹೋದ. ಇಂಜಿನ್ನಿನೊಳಗೆ ತಿರುಗುವ ದಂಡ ಕ್ರ್ಯಾಂಕು; ಅದನ್ನು ಹಿಡಿದಿಡುವ ಕ್ಯಾಪುಗಳು ಐದು. ಐದನ್ನೂ ಸಡಿಲಿಸಿ ತಿರುಗಿಸಿದ. ಓಡಿ ಬಂದ.

"ಎರಡು ಬೆರಳಲ್ಲಿ ತಿರುಗುತ್ತೆ ನೋಡ್ರಿ."

"ಏನು ಮಾಡಿದೆ?"

"ಐದೂ ಸಡಿಲ ಮಾಡಿದೆ."

"ಐದೂ ಗುಂಡಿ ಬಿಚ್ಚಿದ್ರೆ ಯಾರ ಅಂಗಿಯಾದ್ರೂ ನಿನಗೆ ಆಗುತ್ತೆ. ಬಿಗಿ ಯಾವ ಗುಂಡೀಲಿ?"

ಕೊಟ್ರೇಶಿ ಪೆಚ್ಚಾಗಿ ವಾಪಸ್ ಹೋದ. ಎಲ್ಲವನ್ನೂ ಬಿಗಿದು, ಮೊದಲನೆಯದನ್ನು ಮಾತ್ರ ಸಡಿಲಿಸಿ ತಿರುಗಿಸಿದ. ಕಚ್ಚಿತು. ಅದನ್ನು ಬಿಗಿದು ಎರಡನೆಯದನ್ನು ಸಡಿಲಿಸಿದ. ಕಚ್ಚಿತು. ಮೂರನೆಯದನ್ನು ಸಡಿಲಿಸಿದಾಗ ಸ್ಪ್ಯಾನರ್ ತಡೆಯಿಲ್ಲದೆ ಸುತ್ತು ಮುಗಿಸಿತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಮೂರನೆಯ ಕ್ಯಾಪನ್ನು ಬಿಚ್ಚಿ ತಂದು ಗುರುಗಳ ಅಂಗೈಯಲ್ಲಿಟ್ಟ.

"ಚುಕ್ಕಿ ಎಲ್ಲಿ?" ಎಂದರು ಅವರು.

ಯಾವ ಇಂಜಿನ್ ಬಿಚ್ಚುವ ಮೊದಲೂ ಚನ್ನವೀರಯ್ಯ ಪ್ರತಿ ಕ್ಯಾಪಿನ ಮುಂಭಾಗಕ್ಕೆ ಉಳಿಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದರು. ಮತ್ತೆ ಕೂರಿಸುವಾಗ ಹಿಂದುಮುಂದಾಗದಿರಲಿ ಎಂದು.

ಕೊಟ್ರೇಶಿ ಅರದ ಕಡೆ ಕೈ ತೋರಿಸಿದ. "ಗಾಯದ ಥರ ಕಾಣ್ತಿತ್ತು. ಅರ ಹಾಕಿ ಉಜ್ಜಿಬಿಟ್ಟೆ. ನೀಟಾಗಿರಲಿ ಅಂತ."

"ಐದೂ?"

"ಐದೂ."

ಗುರುಗಳು ಕ್ಯಾಪನ್ನು ಅವನ ಕೈಗೇ ವಾಪಸ್ ಕೊಟ್ಟು ಮಂಡಕ್ಕಿಗೆ ಕೈ ಹಾಕಿದರು.

ಕೊಟ್ರೇಶಿ ಮೂರನೆಯ ಕ್ಯಾಪನ್ನು ಹಿಂದುಮುಂದು ಮಾಡಿ ಕೂರಿಸಿ ಬಿಗಿದ. ತಿರುಗಿಸಿದ. ಎಲ್ಲೂ ಕಚ್ಚಲಿಲ್ಲ. ನಂಬಿಕೆಯಾಗದೆ ಹತ್ತು ಸುತ್ತು ತಿರುಗಿಸಿದ. ಆಮೇಲೆ ತಾನೇ ಉಳಿ ಹಿಡಿದು ಐದು ಚುಕ್ಕಿ ಹೊಡೆದ.

ಅಷ್ಟಾದ ಮೇಲೆ ನಾಚಿಕೆ ಹತ್ತಿಕೊಂಡಿತು.

"ಶುಕ್ರವಾರ ಬೇಡ್ರಿ ಗುರುಗಳೇ. ಇನ್ನೊಂದು ವರ್ಷ ಇಲ್ಲೇ ಇರ್ತೀನಿ." ಮನಸಾರೆ ಹೇಳಿದ. ಮಾವನ ಮುಖವೂ ನೆನಪಾಯಿತು.

"ನಾನು ಇವತ್ತು ಇಲ್ಲಿ ಇಲ್ದಿದ್ರೆ ನೀನು ಏನು ಮಾಡ್ತಿದ್ದೆ?"

ಒಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದ. ಬರಲಿಲ್ಲ.

"ಸೆಲ್ಫ್ ಹೊಡೀತಿದ್ದೆ. ಇಂಜಿನ್ ಅಲ್ಲೇ ಕೆಟ್ಟು ಕೂರ್ತಿತ್ತು."

ಚನ್ನವೀರಯ್ಯ ಕೈಗಂಟಿದ ಖಾರ ಕೊಡವಿಕೊಂಡು ಎದ್ದರು.

"ಶುಕ್ರವಾರಾನೇ ಇರ್ಲಿ. ನಿನ್ನ ಶೆಡ್ಡಲ್ಲಿ ನನಗೊಂದು ಕುರ್ಚಿ ಹಾಕಿಸು. ಖಾಲಿ ಇದ್ರೂ ಎತ್ತಿಡಬೇಡ."